ಅರ್ಜಿ ಕೌಂಟರ್ ಕಂಪ್ಯೂಟರಿಗೆ ಯಾವ ವಿಂಡೋಸ್?

ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಸೇವಾ ಕೇಂದ್ರದ ಮುಂದೆ ಜನ ಸಾಲು ನಿಂತಿದ್ದಾರೆ. ಕಂಪ್ಯೂಟರ್ ಮಾತ್ರ ಅಪ್‌ಡೇಟ್ ಆಗುತ್ತ ಕೂತಿದೆ. ಎಲ್ಲರೂ ಆಪರೇಟರಿಗೆ ಬೈಯುತ್ತಾರೆ. ನಾವು ಕೇಳಬೇಕಾದ್ದು ಖರೀದಿ ಮಾಡಿದವರನ್ನು.

ಮಾಮೂಲಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರದೇ 'ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021' ಆವೃತ್ತಿಗೆ 2032ರ ಜನವರಿವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹೆಸರಲ್ಲಿ 'ಐಒಟಿ' ಇಲ್ಲದ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ 2027ರ ಜನವರಿಯೇ ಕೊನೆ. ಒಂದು ಪದ ಬಿಟ್ಟುಹೋದರೆ ಐದು ವರ್ಷ ಹೋಯಿತು.

ಈ ಆವೃತ್ತಿಗೆ ಹೊಸ ಹೊಸ ಫೀಚರ್‌ಗಳ ದೊಡ್ಡ ಅಪ್‌ಡೇಟ್ ಬರುವುದಿಲ್ಲ. ತಿಂಗಳ ಭದ್ರತಾ ಅಪ್‌ಡೇಟನ್ನು ಜಿಲ್ಲಾ ಕೇಂದ್ರದಿಂದಲೇ ಎಲ್ಲ ಕಂಪ್ಯೂಟರಿಗೂ ರಾತ್ರಿ ಹೊತ್ತು ಹಾಕಬಹುದು. ಇದರಲ್ಲಿ 'ರೈಟ್ ಫಿಲ್ಟರ್' ಅಂತ ಒಂದಿದೆ. ಅದನ್ನು ಆನ್ ಮಾಡಿಟ್ಟರೆ, ದಿನವಿಡೀ ಆ ಡ್ರೈವಿನಲ್ಲಿ ಆದ ಬದಲಾವಣೆ ರೀಸ್ಟಾರ್ಟ್ ಮಾಡಿದ ಕೂಡಲೇ ಮಾಯ. ನಿಮ್ಮ ಆಧಾರ್ ಕಾರ್ಡಿನ ಸ್ಕ್ಯಾನ್ ಪ್ರತಿ ಅಲ್ಲಿ ಬಿದ್ದಿರುವುದಿಲ್ಲ.

ಹಾಗಂತ ಎಲ್ಲ ಕಂಪ್ಯೂಟರಿಗೂ ಇದೇ ಬೇಡ. ಇದರ ಲೈಸೆನ್ಸ್ ಇರುವುದು ಒಂದೇ ನಿಗದಿತ ಕೆಲಸದ ಯಂತ್ರಕ್ಕೆ, ಅದೂ ಸಾಮಾನ್ಯವಾಗಿ ಯಂತ್ರದ ಜೊತೆಗೇ ಬರುತ್ತದೆ. ಗ್ರಂಥಾಲಯದಲ್ಲಿ ಮಕ್ಕಳು ಬಳಸುವ ಕಂಪ್ಯೂಟರಿಗೆ ಉಚಿತ ಲಿನಕ್ಸ್ ಸಾಕು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲೇ.

ಗ್ರಾಮಸಭೆಯಲ್ಲಿ ಕಂಪ್ಯೂಟರ್ ಖರೀದಿ ಮಾತು ಬಂದಾಗ ಬೆಲೆ ಕೇಳಿ ಸುಮ್ಮನಾಗಬೇಡಿ. ಬೆಂಬಲ ಯಾವ ವರ್ಷದವರೆಗೆ ಅಂತಲೂ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಿ.