ಹಣ ಕಟ್ಟುವ ಮುಂಚೆ ಆ ಪ್ಲೇಟ್ ಓದಿ

ಆಸ್ಟ್ರೇಲಿಯಾದ ಕನ್ನಡ ಬಂಧುಗಳೇ,

ಸೆಪ್ಟೆಂಬರಿನ ಶಾಲಾ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕ್ಯಾಂಪರ್ ಟ್ರೇಲರ್‌ಗಳ ಫೋಟೊಗಳು ಓಡಾಡತೊಡಗುತ್ತವೆ. ಒಬ್ಬರು ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋಗಿಬಂದಿರುತ್ತಾರೆ, ಇನ್ನೊಬ್ಬರು ಮರ್ರೆ ನದಿಯ ದಡದಲ್ಲಿ ಸಂಸಾರ ಸಮೇತ ಬೀಡುಬಿಟ್ಟಿರುತ್ತಾರೆ. ಮೋಟೆಲ್ ಖರ್ಚಿಲ್ಲದೆ, ನಮ್ಮ ಅಡುಗೆ ನಾವೇ ಮಾಡಿಕೊಂಡು ಈ ದೊಡ್ಡ ದೇಶವನ್ನು ಮಕ್ಕಳಿಗೆ ತೋರಿಸುವ ಆಸೆ ಚೆನ್ನಾದ ಆಸೆ. ಅದಕ್ಕೆ ನಾನು ಅಡ್ಡ ಮಾತಾಡುವುದಿಲ್ಲ. ಕೇಳಿಕೊಳ್ಳುವುದು ಒಂದನ್ನೇ: ಮುಂಗಡ ಹಣ ಕೊಡುವ ಮುಂಚೆ ಟ್ರೇಲರಿನ ತೂಕವನ್ನೂ ನಿಮ್ಮ ಕಾರು ಎಳೆಯಬಲ್ಲ ತೂಕವನ್ನೂ ಅಕ್ಕಪಕ್ಕ ಬರೆದು ಲೆಕ್ಕ ಹಾಕಿ. ತುಂಬಿದ ಮೇಲೆ ಒಮ್ಮೆ ತೂಗಿಸಿ. ಆಮೇಲೆ ಹೆದ್ದಾರಿಗೆ ಇಳಿಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್ ಇದ್ದವರು ಎರಡು ಟನ್ ಟ್ರೇಲರನ್ನೂ ಕಟ್ಟಿಕೊಂಡು ಹೊರಡಬಹುದು. ಅದಕ್ಕೆಂದು ಬೇರೆ ಪರೀಕ್ಷೆ ಇಲ್ಲ, ಕಲಿಯಲೇಬೇಕೆಂಬ ಕಡ್ಡಾಯವೂ ಇಲ್ಲ. ಹೊಸ ಚಾಲಕರ ಪಿ ಪ್ಲೇಟ್‌ಗೆ ಮಾತ್ರ ಕೆಲವು ನಿರ್ಬಂಧಗಳಿವೆ, ಅವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮಲ್ಲಿ ಬಹಳ ಮಂದಿ ಊರಿನ ಲೈಸೆನ್ಸನ್ನು ಬದಲಾಯಿಸಿಕೊಂಡವರು, ಹಿಂದೆ ಏನನ್ನೂ ಕಟ್ಟಿಕೊಂಡು ಓಡಿಸಿ ಅಭ್ಯಾಸವಿಲ್ಲದವರು. ಕಾನೂನು ಬಿಟ್ಟುಕೊಟ್ಟ ಜವಾಬ್ದಾರಿಯನ್ನು ನಾವೇ ಹೊರಬೇಕು. ನಮ್ಮ ಹಿಂದೆ ಓಲಾಡುತ್ತಿರುವ ಆ ಎರಡು ಟನ್‌ನ ಎದುರಿಗೆ ಬರುವುದು ಮತ್ತೊಬ್ಬರ ಸಂಸಾರ.

ಮಾರುವವರು ಮೊದಲು ತೋರಿಸುವುದು ಅಡುಗೆಮನೆ. ಎಳೆದರೆ ಹೊರಬರುವ ಸ್ಟೀಲ್ ಬೆಂಚು, ಮೂರು ಬರ್ನರಿನ ಒಲೆ, ಸಿಂಕು, ಫ್ರಿಜ್ ಇಡುವ ಡ್ರಾಯರ್. ಎಲ್ಲ ನೋಡಿ ಸಂತೋಷಪಡಿ. ಆಮೇಲೆ ಮುಂದುಗಡೆ ಬಂದು ಬಗ್ಗಿ, ಡ್ರಾಬಾರಿನ ಹತ್ತಿರ ಹೊಡೆದಿರುವ ಅಂಗೈಯಗಲದ ಲೋಹದ ಪ್ಲೇಟನ್ನು ಓದಿ. ಅದರಲ್ಲಿ ಟೇರ್ ಅಂತ ಒಂದು ಅಂಕಿ ಇರುತ್ತದೆ, ಅದು ಖಾಲಿ ಟ್ರೇಲರಿನ ತೂಕ. ಎಟಿಎಂ ಅಂತ ಇನ್ನೊಂದು, ಅದು ಎಲ್ಲ ತುಂಬಿದ ಮೇಲೂ ದಾಟಬಾರದ ಒಟ್ಟು ತೂಕ. ಎರಡರ ನಡುವಿನ ಅಂತರವೇ ನೀವು ಹೇರಬಹುದಾದ ಸಾಮಾನು.

ಟೇರ್ 1,350 ಕಿಲೊ, ಎಟಿಎಂ 1,750 ಕಿಲೊ ಎಂದುಕೊಳ್ಳಿ. ನಾನೂರು ಕಿಲೊ ಕೇಳಲು ಧಾರಾಳವೆನಿಸುತ್ತದೆ. ತೊಟ್ಟಿಯಲ್ಲಿ 120 ಲೀಟರ್ ನೀರು ತುಂಬಿದರೆ 120 ಕಿಲೊ ಹೋಯಿತು. ಒಂಬತ್ತು ಕಿಲೊ ಗ್ಯಾಸಿನ ಸಿಲಿಂಡರ್ ತನ್ನ ಕಬ್ಬಿಣವೂ ಸೇರಿ ಹದಿನೆಂಟರ ಆಸುಪಾಸು ತೂಗುತ್ತದೆ, ಎರಡಿದ್ದರೆ ಇನ್ನೊಂದು ಮೂವತ್ತಾರು. ತುಂಬಿದ ಫ್ರಿಜ್, ಹಾಸಿಗೆ ಹೊದಿಕೆ, ಕುರ್ಚಿ ಮೇಜು, ಮಕ್ಕಳ ಸೈಕಲ್ಲು, ಆನೆಕ್ಸ್ ಡೇರೆಯ ಬಟ್ಟೆ ಕಂಬ ಗೂಟ, ಕುಕ್ಕರು ಪಾತ್ರೆ, ಒಂದು ವಾರದ ದಿನಸಿ. ನಾಲ್ಕು ಜನರ ಸಂಸಾರಕ್ಕೆ ಆ ನಾನೂರು ಬೇಗ ಮುಗಿಯುತ್ತದೆ. ಟೇರ್ ತೂಗಿದ ಮೇಲೆ ಅಂಗಡಿಯವರು ಜೋಡಿಸಿಕೊಟ್ಟ ಎರಡನೆಯ ಬ್ಯಾಟರಿ, ಸೋಲಾರ್ ಪ್ಯಾನೆಲ್ ಇವೂ ಅದೇ ನಾನೂರರಿಂದ ಕಳೆಯುತ್ತವೆ. ಹಾಗಾಗಿ ದಯವಿಟ್ಟು ಕೇಳಿ: "ಈ ಟೇರ್ ಯಾವ ಸ್ಥಿತಿಯಲ್ಲಿ ತೂಗಿದ್ದು? ಆಮೇಲೆ ಏನೇನು ಸೇರಿಸಿದ್ದೀರಿ?" ಉತ್ತರ ಬರವಣಿಗೆಯಲ್ಲಿರಲಿ.

ಈಗ ಕಾರಿನ ಕಡೆ. ಮಾದರಿಯ ಹೆಸರು ಒಂದೇ ಇದ್ದರೂ ಎಳೆಯುವ ಮಿತಿ ಒಂದೇ ಇರುವುದಿಲ್ಲ. ನಮ್ಮವರ ಮನೆಗಳ ಮುಂದೆ ಬಹಳ ಕಾಣುವ ಟೊಯೊಟಾ ರಾವ್4 ಹೈಬ್ರಿಡ್ಡನ್ನೇ ನೋಡಿ. 2019ರಲ್ಲಿ ಬಂದ ಪೀಳಿಗೆಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕಾರಿಗೆ ಬ್ರೇಕ್ ಇರುವ ಟ್ರೇಲರ್ 1,500 ಕಿಲೊವರೆಗೆ. ಮುಂದಿನ ಚಕ್ರಗಳಿಗಷ್ಟೇ ಶಕ್ತಿ ಕೊಡುವ ಹೈಬ್ರಿಡ್ಡಿಗೆ 480 ಕಿಲೊ ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಕಾರುಗಳು. ಮೇಲಿನ ಉದಾಹರಣೆಯ 1,750 ಕಿಲೊ ಟ್ರೇಲರನ್ನು ಎರಡೂ ಎಳೆಯುವಂತಿಲ್ಲ. ನಿಮ್ಮ ಕಾರಿನ ಮ್ಯಾನುಯಲ್ ತೆಗೆದು, ನಿಮ್ಮ ಮಾದರಿಯ ಅಂಕಿಯನ್ನೇ ನೋಡಿ. ಟೋ ಬಾರಿನ ಮೇಲೂ ಒಂದು ಚೀಟಿ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ದೊಡ್ಡ ಯೂಟ್ ಇರುವವರು ನಮಗೇನೂ ತೊಂದರೆಯಿಲ್ಲ ಅಂದುಕೊಳ್ಳಬೇಡಿ. ಜಾಹೀರಾತಿನಲ್ಲಿ 3,500 ಕಿಲೊ ಎಂದು ದಪ್ಪಕ್ಷರದಲ್ಲಿರುತ್ತದೆ. ಆದರೆ ಕಾರು, ಟ್ರೇಲರ್ ಎರಡೂ ಸೇರಿ ಇಷ್ಟು ಮೀರಬಾರದು ಎನ್ನುವ ಜಿಸಿಎಂ ಎಂಬ ಇನ್ನೊಂದು ಅಂಕಿ ಮ್ಯಾನುಯಲಿನ ಒಳಪುಟದಲ್ಲಿರುತ್ತದೆ. ಅದು 6,000 ಇದ್ದು, ಜನ, ಸಾಮಾನು ಸೇರಿ ಯೂಟೇ 3,200 ತೂಗಿದರೆ ಟ್ರೇಲರಿಗೆ ಉಳಿಯುವುದು 2,800. ಟ್ರೇಲರಿನ ಮೂತಿ ಟೋ ಬಾಲಿನ ಮೇಲೆ ಒತ್ತುವ ಭಾರವೂ ಕಾರಿನ ಲೆಕ್ಕಕ್ಕೇ ಬರುತ್ತದೆ. ಇದನ್ನು ಮರೆಯುವವರೇ ಹೆಚ್ಚು. ಮಿತಿ ಮೀರಿ ಹೋಗುವಾಗ ಅಪಘಾತವಾದರೆ ವಿಮೆ ಕಂಪನಿ ಹಣ ಕೊಡದಿರಲು ನಾವೇ ಕಾರಣ ಒದಗಿಸಿಕೊಟ್ಟಂತೆ.

ಬ್ರೇಕಿನ ನಿಯಮ ತಿಳಿದಿರಲಿ. ಚಕ್ರಗಳ ಮೇಲೆ ಬೀಳುವ ತುಂಬಿದ ತೂಕ, ಅಂದರೆ ಜಿಟಿಎಂ, 750 ಕಿಲೊ ದಾಟಿದರೆ ಟ್ರೇಲರಿಗೆ ಬ್ರೇಕ್ ಇರಲೇಬೇಕು. 2,000 ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಬೇಕು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಎಲೆಕ್ಟ್ರಿಕ್ ಬ್ರೇಕಿನ ಟ್ರೇಲರ್ ಕೊಂಡು, ಕಾರಿನೊಳಗೆ ಬ್ರೇಕ್ ಕಂಟ್ರೋಲರ್ ಹಾಕಿಸದಿದ್ದರೆ ಆ ಬ್ರೇಕುಗಳು ಕೆಲಸವನ್ನೇ ಮಾಡುವುದಿಲ್ಲ. ದೀಪ ಉರಿಯುತ್ತದೆ, ಇಂಡಿಕೇಟರ್ ಮಿನುಗುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಇಳಿಜಾರಿನಲ್ಲಿ ಮಾತ್ರ ಇಡೀ ಭಾರ ಕಾರಿನ ಬೆನ್ನಿಗೆ ಬಂದು ನೂಕುತ್ತದೆ. ಟ್ರೇಲರ್ ತರಲು ಹೋಗುವ ಮುಂಚೆಯೇ ಆಟೊ ಎಲೆಕ್ಟ್ರೀಷಿಯನ್ ಹತ್ತಿರ ಕಂಟ್ರೋಲರ್ ಹಾಕಿಸಿ.

ಸಾಮಾನು ಜೋಡಿಸುವ ಬಗೆ ಇನ್ನೂ ಮುಖ್ಯ. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತು ಬಗ್ಗುತ್ತದೆ. ಇಲ್ಲಿಯ ರೂಢಿಯ ಲೆಕ್ಕದಲ್ಲಿ ಟ್ರೇಲರಿನ ಒಟ್ಟು ತೂಕದ ಸುಮಾರು ಶೇಕಡಾ 10ರಷ್ಟು ಟೋ ಬಾಲಿನ ಮೇಲೆ ಕೂರಬೇಕು. ಭಾರದ ವಸ್ತುಗಳು ಆಕ್ಸಲಿನ ಮೇಲೆ, ತಳಕ್ಕೆ ಹತ್ತಿರ ಇರಲಿ. ನಾಲ್ಕು ಸೈಕಲ್ಲನ್ನು ಹಿಂದಿನ ಬಂಪರಿಗೆ ನೇತುಹಾಕಿ, ಮುಂದಿನ ಪೆಟ್ಟಿಗೆ ಖಾಲಿ ಬಿಟ್ಟರೆ ಟ್ರೇಲರಿನ ಬಾಲ ಅಲ್ಲಾಡಲು ಶುರುಮಾಡುತ್ತದೆ. ವೇಗ ಹೆಚ್ಚಿದಷ್ಟೂ ಆ ಓಲಾಟ ಹೆಚ್ಚು. ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿದಾಗ ಎಳೆಯುವ ಗಾಳಿಯೊಂದೇ ಅದನ್ನು ಕೆಣಕಲು ಸಾಕು.

ಹಾಗಾದಾಗ ಬ್ರೇಕ್ ಒತ್ತಬೇಡಿ. ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ಸರಿಮಾಡಲು ಹೋಗಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಲರೇಟರಿನಿಂದ ಕಾಲನ್ನು ನಿಧಾನಕ್ಕೆ ತೆಗೆಯಿರಿ. ಬ್ರೇಕ್ ಕಂಟ್ರೋಲರಿನಲ್ಲಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಯುವ ಗುಂಡಿ ಇರುತ್ತದೆ, ಅದನ್ನು ಮೆಲ್ಲಗೆ ಒತ್ತಿ. ಆ ಗುಂಡಿ ಎಲ್ಲಿದೆ ಎಂದು ನೋಡದೆಯೇ ಕೈಗೆ ಸಿಗುವಷ್ಟು ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಮನೆಯವರಿಗೂ, ಅವರು ಓಡಿಸುವವರಾದರೆ, ತೋರಿಸಿಕೊಡಿ.

ಟ್ರೇಲರನ್ನು ಕಾರಿಗೆ ಕಟ್ಟುವ ಕೆಲಸವನ್ನು ಪ್ರತಿ ಸಲವೂ ಒಂದೇ ಕ್ರಮದಲ್ಲಿ, ಒಬ್ಬರೇ ಮಾಡಿ, ಇನ್ನೊಬ್ಬರು ನೋಡಿ. ಕಪ್ಲಿಂಗ್ ಬಾಲಿನ ಮೇಲೆ ಪೂರ್ತಿ ಕೂತು ಲಾಕ್ ಆದ ಮೇಲೆ ಜಾಕಿ ವೀಲನ್ನು ಎರಡು ಸುತ್ತು ಇಳಿಸಿ ಟ್ರೇಲರಿನ ಮೂತಿಯನ್ನು ಮೇಲೆತ್ತಿ ನೋಡಿ. ಸರಿಯಾಗಿ ಕೂತಿದ್ದರೆ ಕಾರಿನ ಹಿಂಭಾಗವೂ ಜೊತೆಗೇ ಏಳುತ್ತದೆ. ಏಳದಿದ್ದರೆ ಮತ್ತೆ ಮೊದಲಿನಿಂದ. ಸುರಕ್ಷತಾ ಸರಪಳಿಗಳು ಎರಡಿದ್ದರೆ ಕಪ್ಲಿಂಗಿನ ಕೆಳಗೆ ಒಂದಕ್ಕೊಂದು ಅಡ್ಡಹಾಯ್ದು ಹೋಗಲಿ. ಟ್ರೇಲರ್ ಕಳಚಿದರೂ ಮೂತಿ ಡಾಂಬರಿಗೆ ಬಡಿಯದೆ ಸರಪಳಿಗಳ ತೊಟ್ಟಿಲಲ್ಲಿ ನಿಲ್ಲುತ್ತದೆ. ಶ್ಯಾಕಲಿನ ಮೇಲೆ ಅದರ ರೇಟಿಂಗ್ ಒತ್ತಿರಬೇಕು. ಬ್ರೇಕ್‌ಅವೇ ಕೇಬಲನ್ನು ಸರಪಳಿಗೆ ಸಿಕ್ಕಿಸಬೇಡಿ, ಅದು ಕಾರಿಗೇ ಸೇರಬೇಕು. ಪ್ಲಗ್ ಹಾಕಿ ದೀಪ ನೋಡಿ, ಜಾಕಿ ವೀಲ್ ಎತ್ತಿ, ಹ್ಯಾಂಡ್ ಬ್ರೇಕ್ ಬಿಡಿಸಿ. ಹೊಸ ಟ್ರೇಲರಾದರೆ ಮೊದಲ 50-100 ಕಿಲೊಮೀಟರಿನಲ್ಲಿ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಹಾಗೆ ನಿಂತಾಗಲೆಲ್ಲ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಸುಡುವಷ್ಟು ಬಿಸಿಯಿದ್ದರೆ ಬೇರಿಂಗೋ ಬ್ರೇಕೋ ಕೆಟ್ಟಿರಬಹುದು, ಮುಂದೆ ಹೋಗಬೇಡಿ.

ಹಿಂದಕ್ಕೆ ತೆಗೆಯುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. ಸ್ಟೇರಿಂಗಿನ ಕೆಳಭಾಗ ಹಿಡಿದು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿದರೆ ಗೊಂದಲವಾಗದು. ಕಾರಿಗೂ ಟ್ರೇಲರಿಗೂ ನಡುವಿನ ಮೂಲೆ ಚೂಪಾಗುತ್ತಿದ್ದರೆ ನಿಲ್ಲಿಸಿ, ಮುಂದಕ್ಕೆ ಹೋಗಿ, ಮತ್ತೆ ಬನ್ನಿ.

ಸಲಕರಣೆಯಲ್ಲಿ ಮೊದಲ ವರ್ಷ ಕೈ ಹಿಡಿತದಲ್ಲಿರಲಿ. ಕಲ್ಲು ಮಣ್ಣಿನ ಗಿಬ್ ರಿವರ್ ರಸ್ತೆಗೆ ಬೇಕಾದ ಆಫ್‌ರೋಡ್ ಸಸ್ಪೆನ್ಷನ್, ಡಾಂಬರು ರಸ್ತೆಯ ಹಾಲಿಡೇ ಪಾರ್ಕಿಗೆ ಹೋಗುವವರಿಗೆ ಬರೀ ಹೆಚ್ಚುವರಿ ತೂಕ. ಸ್ಪೇರ್ ಚಕ್ರ, ಟ್ರೇಲರಿಗೆ ಹೊಂದುವ ಜಾಕು, ಒಂದು ಜೊತೆ ಬೇರಿಂಗು, ಗ್ರೀಸು ಬೇಕೇ ಬೇಕು. ಕ್ಯಾನ್ವಾಸ್ ಹೊಸದಾದರೆ ಪ್ರವಾಸಕ್ಕೆ ಮುಂಚೆ ಹಿತ್ತಲಲ್ಲಿ ಬಿಚ್ಚಿ, ಪೈಪಿನಿಂದ ಚೆನ್ನಾಗಿ ನೆನೆಸಿ ಒಣಗಿಸಿ, ಎರಡು ಮೂರು ಸಲ. ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುತ್ತವೆ. ಒದ್ದೆ ಮಡಚಿ ತಂದರೆ ಮನೆಗೆ ಬಂದ ಕೂಡಲೇ ಹರಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗ್ಯಾಸಿನ ಕೆಲಸಕ್ಕೆ ಲೈಸೆನ್ಸ್ ಇರುವ ಗ್ಯಾಸ್‌ಫಿಟ್ಟರ್, 240 ವೋಲ್ಟಿನ ವೈರಿಂಗಿಗೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರೇ ಆಗಬೇಕು.

ಒಂದು ಮಾತನ್ನು ಕೈಮುಗಿದು ಕೇಳುತ್ತೇನೆ. ಮಳೆ ಹಿಡಿದ ಬೆಳಗ್ಗೆ, ಹೊರಗೆ ಹೋಗಲಾಗದೆಂದು ಡೇರೆಯ ಬಾಗಿಲು ಕಿಟಕಿ ಮುಚ್ಚಿ ಒಳಗೇ ಒಲೆ ಹಚ್ಚಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಬೇಡಿ. ಚಳಿಯೆಂದು ರಾತ್ರಿ ಒಲೆಯನ್ನೋ ಇದ್ದಿಲಿನ ಬಾಣಲೆಯನ್ನೋ ಒಳಗಿಟ್ಟುಕೊಂಡು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರನ್ನು ಎಚ್ಚರಿಸುವ ಗುಣವೂ ಅದಕ್ಕಿಲ್ಲ. ಬ್ಯಾಟರಿಯಿಂದ ನಡೆಯುವ ಅಲಾರಂ ಒಂದನ್ನು ಮಲಗುವ ಕಡೆ ಇಡಿ. ಮಿಕ್ಕ ಯಾವ ಸಲಕರಣೆಯನ್ನಾದರೂ ಮುಂದಿನ ವರ್ಷಕ್ಕೆ ಬಿಡಬಹುದು, ಇದನ್ನಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2021ರ ಜುಲೈ 1ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಹೊಸ ಟ್ರೇಲರ್ ಕೇಂದ್ರ ಸರ್ಕಾರದ ಅನುಮೋದಿತ ವಾಹನಗಳ ರಿಜಿಸ್ಟರಿನಲ್ಲಿ ಇರಬೇಕು. ಟ್ರೇಲರಿನ ಗುರುತಿನ ಸಂಖ್ಯೆಯಾದ ವಿಐಎನ್ ಹಾಕಿ ನೀವೇ ನೋಡಬಹುದು. ಹಳೆಯದು ಕೊಳ್ಳುವವರು ಅದೇ ಸಂಖ್ಯೆಯಿಂದ ಪಿಪಿಎಸ್‌ಆರ್ ಎಂಬ ಸರ್ಕಾರಿ ರಿಜಿಸ್ಟರಿನಲ್ಲಿ ಸಾಲದ ಬಾಕಿ ಇದೆಯೇ ನೋಡಿಕೊಳ್ಳಿ, ಖರ್ಚು ಎರಡು ಡಾಲರ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2316 ಎಂದಿದ್ದರೆ ಅದು 2016ರ 23ನೆಯ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಟ್ರೆಡ್ ಎಷ್ಟೇ ದಪ್ಪ ಕಂಡರೂ ಬದಲಾಯಿಸಿ. ಹೊಸ ಟ್ರೇಲರಿನಲ್ಲಿ ದೊಡ್ಡ ದೋಷ ಕಂಡರೆ, ಕಂಪನಿಯ ವಾರಂಟಿ ಏನೇ ಹೇಳಲಿ, ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಖಾತರಿ ನಿಮಗಿದೆ. ಬದಲಿ ಟ್ರೇಲರೋ ಹಣ ವಾಪಸೋ ಎಂದು ಕೇಳುವ ಹಕ್ಕು ನಿಮ್ಮದು, ಸಂಕೋಚಪಡಬೇಡಿ.

ಇನ್ನು ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಯುಗಾದಿ, ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುತ್ತೀರಿ. ಸೆಪ್ಟೆಂಬರ್ ರಜೆಗೆ ಮುಂಚಿನ ಒಂದು ಶನಿವಾರ ಬೆಳಗ್ಗೆ ದೊಡ್ಡ ಕಾರ್ ಪಾರ್ಕ್ ಒಂದನ್ನು ಅನುಮತಿ ಪಡೆದು ಹಿಡಿಯಿರಿ. ವರ್ಷಗಟ್ಟಲೆ ಟ್ರೇಲರ್ ಎಳೆದಿರುವ ಹಿರಿಯರು ನಮ್ಮಲ್ಲೇ ಇದ್ದಾರೆ, ಅವರನ್ನು ಕರೆಯಿರಿ. ಟೋ ಬಾಲಿನ ಭಾರ ಅಳೆಯುವ ತಕ್ಕಡಿ ಒಂದನ್ನು ಸಂಘದ ಹೆಸರಲ್ಲಿ ಕೊಂಡಿಟ್ಟರೆ ಎಲ್ಲರ ಉಪಯೋಗಕ್ಕೂ ಬರುತ್ತದೆ. ಹೊಸಬರು ಕಟ್ಟುವುದು, ಬಿಚ್ಚುವುದು, ಹಿಂದಕ್ಕೆ ತೆಗೆಯುವುದನ್ನು ಕನ್ನಡದಲ್ಲೇ ಕೇಳಿ ಕಲಿಯಲಿ. ಮಧ್ಯಾಹ್ನ ಎಲ್ಲರೂ ಸೇರಿ ಹತ್ತಿರದ ಸಾರ್ವಜನಿಕ ವೇಬ್ರಿಡ್ಜಿಗೆ ಹೋಗಿ, ತುಂಬಿದ ಟ್ರೇಲರುಗಳನ್ನು ಒಂದೊಂದಾಗಿ ತೂಗಿಸಿ. ಬರುವವರು ನೀರಿನ ತೊಟ್ಟಿ ತುಂಬಿಸಿಕೊಂಡು, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಪ್ರವಾಸಕ್ಕೆ ಹೊರಟ ಹಾಗೆಯೇ ಬರಲಿ. ಕಾರಿನ ಮ್ಯಾನುಯಲ್ ಜೊತೆಗಿರಲಿ.