ವೀಸಾ ಫೈಲ್ ಶುರುವಾಗೋದು ಮನಿ ಟ್ರಂಕ್‌ನಿಂದ

ಹೋದ ನವೆಂಬರ್. ಗ್ರೆನೋಬಲ್‌ನಲ್ಲಿ ಸಂಜೆ ನಾಲ್ಕೂವರೆ, ಊರಲ್ಲಿ ರಾತ್ರಿ ಒಂಬತ್ತು. ಫ್ರಾನ್ಸಿನ ಆರೋಗ್ಯ ವಿಮೆ ಕಚೇರಿಯಿಂದ ಪತ್ರ ಬಂದಿತ್ತು: ಅಪ್ಪ ಅವ್ವನ ಹೆಸರಿರುವ ಜನನ ಪ್ರಮಾಣಪತ್ರ, ಅನುವಾದದ ಜೊತೆ ಕಳಿಸಿ. ಅಪ್ಪಗ ಫೋನ್ ಹಚ್ಚಿದೆ.

"ಅಪ್ಪಾ, ಟ್ರಂಕ್‌ನಾಗ ನನ್ನ ಜನನ ದಾಖಲೆ ಐತೇನು ನೋಡು."

ಹತ್ತು ನಿಮಿಷ ಹುಡುಕಿ ಅಪ್ಪ ಅಂದ, "ಐತಿ. ಆದ್ರ ಇದರಾಗ ನಿಮ್ಮವ್ವನ ಹೆಸರು ನೀಲವ್ವ ಅಂತ ಐತಿ. ಹುಟ್ಟಿದ ಊರು ಮುಂಡರಗಿ ಅಂತ ಬರದಾರ."

ನನ್ನ ಪಾಸ್‌ಪೋರ್ಟಿನಲ್ಲಿ ಅವ್ವ ನೀಲಮ್ಮ. ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ.

ಎರಡೂ ಸುಳ್ಳಲ್ಲ. ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯಲ್ಲಿ. ಅವ್ವನ ತವರು ಮುಂಡರಗಿ, ಹಾಗಾಗಿ ನನ್ನ ಹೆಸರು ಅಲ್ಲೇ ನೋಂದಣಿ ಆಯ್ತು. ಅಜ್ಜ ಹೋಗಿ ಮಗಳನ್ನ ಮನೆಯಲ್ಲಿ ಕರೆಯೋ ಹಾಗೆಯೇ ನೀಲವ್ವ ಅಂತ ಬರೆಸಿದ. ಮುಂದೆ ಲಕ್ಷ್ಮೇಶ್ವರದಲ್ಲಿ ಶಾಲೆಗೆ ಹಚ್ಚುವಾಗ ಮಾಸ್ತರರು ಜನ್ಮಸ್ಥಳ ಕೇಳಿದರು. ಅಪ್ಪ ನಮ್ಮ ಊರನ್ನೇ ಹೇಳಿದ, ಅವ್ವನ ಹೆಸರು ರೇಷನ್ ಕಾರ್ಡಿನಲ್ಲಿದ್ದಂತೆ ನೀಲಮ್ಮ ಅಂತ ಹೇಳಿದ. ಅಲ್ಲಿಂದ ಎಸ್ಸೆಸ್ಸೆಲ್ಸಿ, ಪಿಯುಸಿ, ವಿಟಿಯು, ಪಾಸ್‌ಪೋರ್ಟ್ ಎಲ್ಲಾ ಅದೇ ದಾರಿ ಹಿಡಿದವು. ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ. ಏಳು ಸಾವಿರ ಕಿಲೋಮೀಟರ್ ದೂರದ ಒಂದು ಕಚೇರಿ ಕೇಳಿತು.

ಜೂನಿಯರ್‌ಗಳು ನನ್ನನ್ನ ಕೇಳೋ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ವೀಸಾಕ್ಕ ಎಸ್‌ಒಪಿ ಹೆಂಗ ಬರೀಬೇಕು? ಹುಬ್ಬಳ್ಳ್ಯಾಗ ಛಲೋ ಕನ್ಸಲ್ಟೆನ್ಸಿ ಯಾವುದೈತಿ?" ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಎಸ್‌ಒಪಿ ಕೊನೆ ಕೆಲಸ. ಗಟ್ಟಿ ಫೈಲ್ ಅನ್ನೋದು ಮನೆ ಟ್ರಂಕ್‌ನಲ್ಲಿರೋ ಕಾಗದಗಳು ಒಂದನ್ನೊಂದು ಒಪ್ಪುತ್ತವೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿರುತ್ತೆ. ಆ ಕೆಲಸವನ್ನ ಐದನೇ ಸೆಮಿಸ್ಟರ್‌ನಲ್ಲಿ, ಗದಗದಲ್ಲಿ ಕೂತು ಮಾಡಬೇಕು. ಹೊರದೇಶಕ್ಕೆ ಹೋದ ಮೇಲೆ ಅದನ್ನ ಮಾಡೋರು ನೀವಲ್ಲ, ನಿಮ್ಮ ಅಪ್ಪ.

ಇದು ಮೊದಲ ವೀಸಾದಲ್ಲಿ ಗೊತ್ತಾಗೋದಿಲ್ಲ. ಯಾಕಂದ್ರೆ ನಮ್ಮ ವಯಸ್ಸಿನವರು ಜನನ ಪ್ರಮಾಣಪತ್ರ ತೋರಿಸದೇ ಪಾಸ್‌ಪೋರ್ಟ್ ತಗೊಳ್ಳಬಹುದು, ಮಾರ್ಕ್ಸ್ ಕಾರ್ಡ್ ನಡೆಯುತ್ತೆ. ಜನನ ಪ್ರಮಾಣಪತ್ರವೇ ಬೇಕು ಅನ್ನೋ ನಿಯಮ 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಮಾತ್ರ. ಜರ್ಮನಿಗೆ ಓದಲು ಹೋಗೋವಾಗ ನನ್ನನ್ನ ಕೇಳಿದ್ದು ಎಪಿಎಸ್ ಸರ್ಟಿಫಿಕೇಟ್ (2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ), ಬ್ಲಾಕ್ಡ್ ಅಕೌಂಟ್, ವಿಮೆ, ಪ್ರವೇಶ ಪತ್ರ. ಮಾರ್ಕ್ಸ್ ಕಾರ್ಡೂ ಪಾಸ್‌ಪೋರ್ಟೂ ಒಂದಕ್ಕೊಂದು ಹೊಂದುತ್ತಿದ್ದವು. ಪಾಸ್ ಆದೆ.

ಮಾಸ್ಟರ್ಸ್ ಮುಗಿದ ಮೇಲೆ ಫ್ರಾನ್ಸಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಸಿಕ್ಕಿತು. ಜರ್ಮನಿಯ ಪರ್ಮಿಟ್ ಇದ್ದರೆ ಫ್ರಾನ್ಸಿಗೆ ಬಸ್ ಹತ್ತಿ ಹೋಗಬಹುದು, 180 ದಿನಗಳಲ್ಲಿ 90 ದಿನ ಅಡ್ಡಾಡಬಹುದು. ಆದರೆ ಅಲ್ಲಿ ಇದ್ದು ಕೆಲಸ ಮಾಡೋಕೆ ಬೇರೆಯೇ ದೀರ್ಘಾವಧಿ ವೀಸಾ ಬೇಕು. ಅದನ್ನ ಕಾನೂನುಬದ್ಧವಾಗಿ ವಾಸ ಇರುವ ದೇಶದಿಂದಲೇ ಹಾಕಬೇಕು. ನನ್ನ ವಿದ್ಯಾರ್ಥಿ ಪರ್ಮಿಟ್ ಮುಗಿಯಲು ಏಳು ವಾರ ಉಳಿದಿತ್ತು. ಅದು ಮುಗಿದಿದ್ದರೆ ಬೆಂಗಳೂರಿಗೆ ವಾಪಸ್ ಬಂದು ಮೊದಲಿಂದ ಶುರು ಮಾಡಬೇಕಿತ್ತು.

ಹಾಗಾಗಿ ಹೊರದೇಶದಿಂದ ಅರ್ಜಿ ಹಾಕುವವರಿಗೆ ಮೊದಲ ಮಾತು: ಹೊಸ ದೇಶದ ಫಾರ್ಮ್ ತೆರೆಯೋಕಿಂತ ಮುಂಚೆ ಈಗಿರೋ ದೇಶದ ಪರ್ಮಿಟ್ ನೋಡಿಕೊಳ್ಳಿ. ಜರ್ಮನಿಯಲ್ಲಿ ಡಿಗ್ರಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಪರ್ಮಿಟ್ ಸಿಗುತ್ತೆ. ನಾನು ಮೊದಲು ಅದಕ್ಕೆ ಅರ್ಜಿ ಹಾಕಿದೆ, ಆಮೇಲೆ ಫ್ರಾನ್ಸಿನದು. ಫ್ರಾನ್ಸಿನ ದೀರ್ಘಾವಧಿ ವೀಸಾಕ್ಕೆ ಹೊರಡುವ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕೋಕಾಗಲ್ಲ. ಅಂದ್ರೆ ಆ ಮೂರು ತಿಂಗಳು ಶುರುವಾಗುವ ದಿನ ಫೈಲ್ ತಯಾರಾಗಿ ಕೈಯಲ್ಲಿರಬೇಕು.

ಎರಡನೇ ಮಾತು, ಫೈಲಿನ ಒಳಗಿನದು. ಮೇಜಿನ ಆಚೆ ಕೂತವರಿಗೆ ನಮ್ಮ ಬಗ್ಗೆ ಏನೂ ಗೊತ್ತಿಲ್ಲ. ಅವರಿಗೆ ಇರೋದು ಐದು ಪ್ರಶ್ನೆ: ನೀನು ಯಾರು, ಈಗ ಎಲ್ಲಿದ್ದೀಯಾ, ಯಾಕೆ ಹೋಗ್ತೀಯಾ, ಎಷ್ಟು ದಿನ, ದುಡ್ಡು ಎಲ್ಲಿಂದ? ಒಂದು ಪುಟದ ಪತ್ರದಲ್ಲಿ ಈ ಐದಕ್ಕೆ ಉತ್ತರ ಬರೆದು, ಪ್ರತಿ ಉತ್ತರದ ಮುಂದೆ "ಕಾಗದ 1, ಕಾಗದ 2" ಅಂತ ನಂಬರ್ ಹಾಕಿ. ಅದೇ ಕ್ರಮದಲ್ಲಿ ಕಾಗದ ಜೋಡಿಸಿ. ನಮ್ಮ ಲ್ಯಾಬ್ ರೆಕಾರ್ಡ್ ಬರೀತೀವಲ್ಲ, ಹಂಗೇ: ರೀಡಿಂಗ್ ಇಲ್ಲದ ಗ್ರಾಫ್ ಹಚ್ಚಬಾರದು. "ನಿಮ್ಮ ದೇಶದ ಸಂಸ್ಕೃತಿ ನನಗೆ ಬಾಲ್ಯದಿಂದ ಇಷ್ಟ" ಅಂತ ಕನ್ಸಲ್ಟೆನ್ಸಿಯವರು ಬರೆದುಕೊಡೋ ಪ್ಯಾರಾ ಈ ಐದರಲ್ಲಿ ಯಾವುದಕ್ಕೂ ಉತ್ತರ ಅಲ್ಲ.

ಮೂರನೇದು ಹೆಸರು. ಕನ್ನಡದಲ್ಲಿ ಬಸವರಾಜ ಅಂದ್ರೆ ಒಬ್ಬನೇ. ಇಂಗ್ಲಿಷಿಗೆ ಹೋದ ಕೂಡಲೇ ಅವನು ಮೂರು ಮಂದಿ ಆಗ್ತಾನೆ. ಆಧಾರ್‌ನಲ್ಲಿ 'ವಿ' ಮುಂದೆ 'ಎ' ಇರುತ್ತೆ, ಮಾರ್ಕ್ಸ್ ಕಾರ್ಡಿನಲ್ಲಿ ಇರೋದಿಲ್ಲ, ಪ್ಯಾನ್‌ನಲ್ಲಿ 'ವಿ' ಬದಲು 'ಡಬ್ಲ್ಯೂ'. ಶೆಟ್ಟರ, ಗೌಡರ, ಮಠ ಅನ್ನೋ ಅಡ್ಡಹೆಸರುಗಳ ಗತಿಯೂ ಅದೇ. ಒಂದು ಕಡೆ ಅಡ್ಡಹೆಸರು ಕೊನೆಗೆ, ಇನ್ನೊಂದು ಕಡೆ ಮೊದಲಿಗೆ, ಮತ್ತೊಂದು ಕಡೆ ಅಪ್ಪನ ಹೆಸರಿನ ಬರೀ ಇನಿಶಿಯಲ್. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಎಲ್ಲವನ್ನೂ ಗಿವನ್ ನೇಮ್‌ನಲ್ಲಿ ತುರುಕಿದವರು ನನ್ನ ಬ್ಯಾಚಿನಲ್ಲೇ ಇದ್ದರು. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡಲ್ಲ ಅಂತ 2022ರಲ್ಲಿ ಯುಎಇ ಹೇಳಿದಾಗಲೇ ಎಷ್ಟೋ ಮಂದಿಗೆ ಆ ಖಾಲಿ ಕಾಲಂ ನೆನಪಾದದ್ದು. ತಿದ್ದೋದಾದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇಲ್ಲಿಂದ ಒಂದೂವರೆ ತಾಸಿನ ದಾರಿ. ಅಲ್ಲಿ ಹೋದ ಮೇಲೆ ರಾಯಭಾರ ಕಚೇರಿಯ ಅಪಾಯಿಂಟ್‌ಮೆಂಟು, ರೈಲು, ರಜೆ, ಮತ್ತೆ ಊರಿನ ವಿಳಾಸಕ್ಕೆ ಪೊಲೀಸ್ ವೆರಿಫಿಕೇಶನ್.

ಊರಿನ ಹೆಸರಿನದೂ ಒಂದು ಕಥೆ. ನಮ್ಮ ಮುತ್ತಜ್ಜನ ಕಾಲಕ್ಕೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ. ನಮ್ಮ ಅಪ್ಪ ಅವ್ವನ ಕಾಗದದಲ್ಲಿ ಜಿಲ್ಲೆ ಧಾರವಾಡ. ನಿಮ್ಮ ಕಾಗದದಲ್ಲಿ ಜಿಲ್ಲೆ ಗದಗ, ತಾಲೂಕು ಶಿರಹಟ್ಟಿ. ಈಗ ಲಕ್ಷ್ಮೇಶ್ವರವೇ ತಾಲೂಕು. ನಮಗೆ ಇದರಲ್ಲಿ ಗೊಂದಲವೇ ಇಲ್ಲ. ಪರದೇಶದ ಕಚೇರಿಯವರಿಗೆ ಇದು ಮೂರು ಬೇರೆ ಊರು. ಇದಕ್ಕೆ ಅಫಿಡವಿಟ್ ಏನೂ ಬೇಕಿಲ್ಲ, ಪತ್ರದಲ್ಲಿ ಎರಡು ಸಾಲು ಸಾಕು: ಜಿಲ್ಲೆ 1997ರಲ್ಲಿ ಬೇರೆ ಆಯಿತು, ಊರು ಅದೇ. ಕೇಳೋಕಿಂತ ಮುಂಚೆ ಹೇಳಿದ್ದು ವಿವರಣೆ ಅನ್ನಿಸುತ್ತೆ, ಕೇಳಿದ ಮೇಲೆ ಹೇಳಿದ್ದು ನೆವ ಅನ್ನಿಸುತ್ತೆ.

ಈಗ ಬಹಳ ನೋವಿನ ವಿಷಯ, ದುಡ್ಡು. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ತಿಂಗಳಿಗೆ 992. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತೆ. ಒಣಬೇಸಾಯದ ಹೊಲ ಇರೋ ಮನೆಯಲ್ಲಿ ಇಷ್ಟು ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕೂತಿರೋದಿಲ್ಲ. ಇಲ್ಲಿಂದಲೇ 'ಶೋ ಮನಿ' ದಂಧೆ ಹುಟ್ಟೋದು. ಬ್ಯಾಲೆನ್ಸ್ ತೋರಿಸಿದರೆ ಸಾಕು ಅನ್ನೋ ದೇಶಗಳಿಗೆ ಮೂರು ವಾರದ ಮಟ್ಟಿಗೆ ಖಾತೆಗೆ ದುಡ್ಡು ಹಾಕಿ, ಸ್ಟೇಟ್‌ಮೆಂಟ್ ತೆಗೆಸಿ, ಬಡ್ಡಿ ಸಮೇತ ವಾಪಸ್ ತಗೊಳ್ತಾರೆ.

ನನ್ನ ಬ್ಯಾಚಿನ ಒಬ್ಬ ಗೆಳೆಯ ಇದನ್ನ ಮಾಡಿದ. ಎರಡು ಸಾವಿರ, ಐದು ಸಾವಿರ ಓಡಾಡ್ತಿದ್ದ ಖಾತೆಗೆ ಒಂದೇ ದಿನ ಎಂಟು ಲಕ್ಷ ಬಂತು. ವೀಸಾ ನಿರಾಕರಣೆ ಆಯ್ತು, ಕಾರಣದಲ್ಲಿ ಹಣದ ಮೂಲ ಸ್ಪಷ್ಟವಿಲ್ಲ ಅಂತ ಇತ್ತು. ಬೇಜಾರಿನ ಸಂಗತಿ ಅಂದ್ರೆ ಅವರ ಮನೆಯಲ್ಲಿ ನಿಜವಾದ ದುಡ್ಡೂ ಇತ್ತು. ಆ ವರ್ಷ ಮೆಣಸಿನಕಾಯಿಗೆ ಛಲೋ ರೇಟ್ ಬಂದಿತ್ತು, ದಲಾಲಿ ಅಂಗಡಿಯ ಪಟ್ಟಿ ಗ್ವಾಡಿ ಮೊಳೆಗೆ ಸಿಗಿಸಿತ್ತು. ಅದನ್ನ ಫೈಲಿಗೆ ಹಚ್ಚಬೇಕು ಅಂತ ಅವನಿಗೆ ಯಾರೂ ಹೇಳಲಿಲ್ಲ. "ರೈತರ ಆದಾಯ ಅವರು ನಂಬಂಗಿಲ್ಲೋ ಮಾರಾಯ" ಅಂತ ಏಜೆಂಟ್ ಹೇಳಿದ್ದ. ಅವನು ಆ ಮಾತು ನಂಬಿದ.

ನನ್ನ ಮಾತು ಇದು: ರೈತರ ದುಡ್ಡಿಗೆ ಸಂಬಳದ ಸ್ಲಿಪ್ ಇರೋದಿಲ್ಲ, ಆದರೆ ಕಾಗದ ಇರುತ್ತೆ. ಉತಾರ, ಎಪಿಎಂಸಿ ಮಾರಾಟದ ಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬೆಳೆಸಾಲದ ಪಾಸ್‌ಬುಕ್. ಹೆಸರು, ಉಳ್ಳಾಗಡ್ಡಿ, ಶೇಂಗಾ, ಮೆಣಸಿನಕಾಯಿ ಮಾರಿದ ದುಡ್ಡು ವರ್ಷಕ್ಕೆ ಎರಡು ಸಲ ಗುಡ್ಡೆಯಾಗಿ ಬರುತ್ತೆ, ತಿಂಗಳಾ ತಿಂಗಳಾ ಬರೋದಿಲ್ಲ. ಅದನ್ನ ಒಂದು ಸಾಲಿನಲ್ಲಿ ಬರೆದು, ದೊಡ್ಡ ಜಮಾ ಆದ ದಿನದ ಎದುರು ಅದೇ ದಿನದ ಪಟ್ಟಿ ಹಚ್ಚಿ. ಎರಡು ವರ್ಷದ ಪಟ್ಟಿ ಸಾಲಾಗಿ ಇದ್ದರೆ ಯಾವ ಅಧಿಕಾರಿಗೂ ಲೆಕ್ಕ ಅರ್ಥ ಆಗುತ್ತೆ. ಇದಕ್ಕೆ ಒಂದೇ ಷರತ್ತು: ಮಾಲು ಮಾರಿದ ದುಡ್ಡು ನಗದು ತಗೊಳ್ಳದೇ ಖಾತೆಗೆ ಹಾಕಿಸಬೇಕು, ಅದೂ ಎರಡು ವರ್ಷ ಮುಂಚಿನಿಂದ. ಬ್ಯಾಂಕಿನ ಎಜುಕೇಶನ್ ಲೋನ್ ಆದರೂ ಸರಿ, ಅದು ಎದುರಿಗೆ ಕಾಣೋ ಸಾಲ. ಶೋ ಮನಿಯ ಸುಳ್ಳು ಒಂದು ಅರ್ಜಿಗೆ ಮುಗಿಯೋದಿಲ್ಲ. ಷೆಂಗೆನ್ ವೀಸಾ ವ್ಯವಸ್ಥೆಯಲ್ಲಿ ಅರ್ಜಿಯ ದಾಖಲೆ ಐದು ವರ್ಷದವರೆಗೆ ಇರುತ್ತೆ. ಮೋಸ ಅಂತ ಸಾಬೀತಾದರೆ ಬ್ರಿಟನ್ ಹತ್ತು ವರ್ಷದವರೆಗೆ ಬಾಗಿಲು ಹಾಕುತ್ತೆ. ಜರ್ಮನಿಯಂತೂ ನಿರಾಕರಣೆಗೆ ಪತ್ರ ಬರೆದು ಮರುಪರಿಶೀಲನೆ ಕೇಳೋ ಅವಕಾಶವನ್ನೇ 2025ರ ಜುಲೈ 1ರಿಂದ ತೆಗೆದುಹಾಕಿದೆ. ಈಗ ಹೊಸ ಅರ್ಜಿ ಅಥವಾ ಕೋರ್ಟು, ಎರಡೇ ದಾರಿ.

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. "ಇಷ್ಟು ತಲಿ ಕೆಡಿಸಿಕೊಳ್ಳೋದ್ಯಾಕ, ದುಡ್ಡು ಕೊಟ್ರ ಏಜೆಂಟ್ ಎಲ್ಲಾ ಮಾಡ್ತಾನ." ಏಜೆಂಟ್ ಫಾರ್ಮ್ ತುಂಬಬಲ್ಲ. ನಿಮ್ಮ ಅಜ್ಜ ಮುಂಡರಗಿಯಲ್ಲಿ ಏನು ಬರೆಸಿದ್ದ ಅನ್ನೋದು ಅವನಿಗೆ ಗೊತ್ತಿಲ್ಲ. ಸಹಿ ನಿಮ್ಮದು, ನಿರಾಕರಣೆ ಆದರೆ ದಾಖಲೆಯಲ್ಲಿ ಹೆಸರೂ ನಿಮ್ಮದೇ. ಇನ್ನೊಂದು ಉತ್ತರ, "ನಾ ಏನ್ ಫಾರಿನ್‌ಗೆ ಹೋಗಂಗಿಲ್ಲ ಬಿಡೋ." ಇರಲಿ. ಬೆಂಗಳೂರಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್, ಪಿಎಫ್, ಮನೆ ಸಾಲ, ನಾಳೆ ನಿಮ್ಮ ಮಗುವಿನ ಜನನ ನೋಂದಣಿ ಎಲ್ಲದಕ್ಕೂ ಇವೇ ಕಾಗದ ಬೇಕು.

ನನ್ನ ಕಥೆ ಹೇಗೆ ಮುಗೀತು? ಜನನ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ತಪ್ಪು ನಮೂದನ್ನ ರಿಜಿಸ್ಟ್ರಾರ್ ತಿದ್ದಬಹುದು, ವಿಷಯ ಗೊತ್ತಿರೋ ಇಬ್ಬರ ಹೇಳಿಕೆ ಬೇಕು. ಅಪ್ಪ ಹೆಸರುಕಾಳು ಬಿಡಿಸೋದು ಬಿಟ್ಟು ಲಕ್ಷ್ಮೇಶ್ವರದಿಂದ ಮುಂಡರಗಿಗೆ ನಾಲ್ಕು ಸಲ ಬಸ್ ಹತ್ತಿದ. ಒಂದು ಸಲ ಸಾಹೇಬರು ರಜೆ, ಇನ್ನೊಂದು ಸಲ ಸರ್ವರ್ ಇಲ್ಲ. ಅವ್ವನ ಹೆಸರು ತಿದ್ದಿತು. ಆಮೇಲೆ ಬೆಂಗಳೂರಿನಲ್ಲಿ ರಾಜ್ಯದ ಮುದ್ರೆ, ವಿದೇಶಾಂಗ ಇಲಾಖೆಯ ಅಪೊಸ್ಟಿಲ್. ಸರ್ಕಾರಿ ಫೀ ಒಂದು ಕಾಗದಕ್ಕೆ 50 ರೂಪಾಯಿ, ಓಡಾಟಕ್ಕೆ ಅದರ ಎಷ್ಟೋ ಪಟ್ಟು. ಭಾರತ 2005ರಲ್ಲೇ ಅಪೊಸ್ಟಿಲ್ ಒಪ್ಪಂದ ಸೇರಿದೆ, ಫ್ರಾನ್ಸಿಗೆ ಅದು ನಡೆಯುತ್ತೆ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿತ್ತು, ಅಲ್ಲಿ ಈ ಮುದ್ರೆ ಲೆಕ್ಕಕ್ಕೆ ಬರೋದಿಲ್ಲ. ಆದ್ದರಿಂದ ಯಾವ ದೇಶಕ್ಕೆ ಯಾವ ಮುದ್ರೆ ಅಂತ ಕೇಳಿಯೇ ದುಡ್ಡು ಹಾಕಿ. ಜನ್ಮಸ್ಥಳ ತಿದ್ದೋಕೆ ಪಾಸ್‌ಪೋರ್ಟನ್ನೇ ಬದಲಿಸಬೇಕಾಯ್ತು. ಒಟ್ಟು ಐದು ತಿಂಗಳು. ಅಷ್ಟೂ ದಿನ ನನ್ನ ವಿಮೆಯ ಕಾಯಂ ನಂಬರ್ ಬರಲಿಲ್ಲ, ಡಾಕ್ಟರ ಫೀ ನಾನೇ ಕಟ್ಟಿದೆ.

ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟಿಗೆ ಆಪ್ಟಿಟ್ಯೂಡ್ ಕ್ಲಾಸ್ ಇದೆ, ಮಾಕ್ ಇಂಟರ್‌ವ್ಯೂ ಇದೆ. ಐದನೇ ಸೆಮಿಸ್ಟರ್‌ನವರಿಗೆ ಒಂದು ದಿನ ಕಾಗದದ ಕ್ಲಾಸ್ ಇಡಲಿ ಅಂತ ನನ್ನ ಬೇಡಿಕೆ. ಕನ್ನಡ ಸಂಘವೇ ಮುಂದೆ ನಿಂತು ಮಾಡಬಹುದು, ಯಾಕಂದ್ರೆ ಅರ್ಧ ಗೋಳು ಕನ್ನಡದ ಹೆಸರು ಇಂಗ್ಲಿಷಿಗೆ ಹೋಗುವಾಗಲೇ ಹುಟ್ಟೋದು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಪಾಸ್‌ಪೋರ್ಟ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನಿಮ್ಮ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಓದೋದು. ಎಲ್ಲಿ ಬೇರೆ ಇದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕೋದು. ಒಬ್ಬರಿಗೆ ಇಪ್ಪತ್ತು ನಿಮಿಷದ ಕೆಲಸ.

ಕ್ಲಾಸ್ ಆಗೋವರೆಗೂ ಕಾಯಬೇಡಿ. ಈ ಶನಿವಾರ ಊರಿಗೆ ಹೋದಾಗ ಟ್ರಂಕ್ ತೆಗೀರಿ. ಅವ್ವನ್ನ ಪಕ್ಕಕ್ಕೆ ಕೂಡಿಸಿಕೊಂಡು ಕೇಳ್ರಿ, "ಯವ್ವಾ, ನಾ ಹುಟ್ಟಿದ್ದು ಎಲ್ಲಿ? ಹೆಸರು ಬರಸಾಕ ಯಾರು ಹೋಗಿದ್ರು?" ನಾನು ಇದನ್ನ ಹದಿನೆಂಟಕ್ಕೇ ಕೇಳಿದ್ದರೆ ಅಪ್ಪನ ನಾಲ್ಕು ದಿನದ ಕೆಲಸ ಕೆಡುತ್ತಿರಲಿಲ್ಲ.