ತೂತಿಗೆ ನೊಬೆಲ್ ಬಂತು, ಬಿಲ್ ಯಾರು ಕಟ್ತಾರೆ?

ಭಾಗ 1

2025ರ ಕೆಮಿಸ್ಟ್ರಿ ನೊಬೆಲ್ ಬಗ್ಗೆ ನೀವೂ ಒಂದೆರಡು ರೀಲ್ ನೋಡಿರ್ತೀರಿ. "ಸಕ್ಕರೆ ತುಂಡಿನಷ್ಟು ವಸ್ತು, ಒಳಗೆ ಫುಟ್‌ಬಾಲ್ ಮೈದಾನದಷ್ಟು ಜಾಗ!" ಸುಳ್ಳೇನಲ್ಲ. ಆದ್ರೆ ಅಲ್ಲಿಗೇ ನಿಲ್ಲಿಸಿದ್ರೆ ಅರ್ಧ ಕಥೆ ಬಿಟ್ಟೋಗುತ್ತೆ. ಆ ಬಿಟ್ಟೋದ ಅರ್ಧ ನಮ್ಮ ಸಬ್ಜೆಕ್ಟು, ಕಾಸ್ಟಿಂಗ್. ಬಿಕಾಂನವಳು ಕೆಮಿಸ್ಟ್ರಿಯಲ್ಲಿ ಮೂಗು ತೂರಿಸ್ತಿರೋದು ಅದಕ್ಕೇ.

ವಸ್ತುವಿನ ಹೆಸರು ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಮಾಫ್. ಕಟ್ಟಡಕ್ಕೆ ಕಟ್ಟೋ ಸಾರ್ವೆ ನೆನಪು ಮಾಡ್ಕೊಳ್ಳಿ. ಗಂಟು ಬೀಳೋ ಕಡೆಯೆಲ್ಲ ಸತು, ತಾಮ್ರ, ಜಿರ್ಕೋನಿಯಂನಂಥ ಲೋಹ. ಗಂಟಿಂದ ಗಂಟಿಗೆ ಕಾರ್ಬನ್ ಇರೋ ಅಣುಗಳೇ ಕಂಬ. ಮಧ್ಯೆ ಖಾಲಿ. ಎಲ್ಲರ ಮನೆ ದೋಸೆನೂ ತೂತೇ ಅಂತಾರಲ್ಲ, ಆದ್ರೆ ದೋಸೆಯಲ್ಲಿ ಒಂದೊಂದು ತೂತು ಒಂದೊಂದು ಸೈಜು. ಇಲ್ಲಿ ಎಲ್ಲ ತೂತೂ ಒಂದೇ ಅಳತೆ. ಕಂಬ ಉದ್ದ ಮಾಡಿದ್ರೆ ತೂತು ದೊಡ್ಡದಾಗುತ್ತೆ, ಗಿಡ್ಡ ಮಾಡಿದ್ರೆ ಸಣ್ಣದಾಗುತ್ತೆ.

1989ರಲ್ಲಿ ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್ ತಾಮ್ರ ಇಟ್ಕೊಂಡು ವಜ್ರದ ವಿನ್ಯಾಸದಲ್ಲಿ ಇಂಥದ್ದೊಂದು ಕಟ್ಟಿದರು. ಬೇಗ ಕುಸಿಯೋ ಮಾಲು. 1997ರಲ್ಲಿ ಜಪಾನಿನ ಸುಸುಮು ಕಿಟಗಾವಾ ತೂತೊಳಗೆ ಗ್ಯಾಸ್ ಹೋಗಿ ವಾಪಸ್ ಬರುತ್ತೆ ಅಂತ ತೋರಿಸಿದರು. 1999ರಲ್ಲಿ ಓಮರ್ ಯಾಘಿ ಅವರ ಮಾಫ್-5 ಬಂತು. ಮೂವರಿಗೂ ಸೇರಿ ನೊಬೆಲ್. (ಮಾಫ್-5, ಯುಐಒ-66, ಕಾಲ್ಫ್-20... ಹೆಸರುಗಳೆಲ್ಲ ಸಿಟಿ ಬಸ್ ನಂಬರ್ ಥರ ಇವೆ, ಭಯ ಬೀಳ್ಬೇಡಿ.)

ಭಾಗ 2

ಗ್ಯಾಸ್ ಬೇರ್ಪಡಿಸೋದು ನಿಮಗೆ ಹೊಸದಲ್ಲ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗೆ ಎಷ್ಟು ಅಲೆದಾಟ ಇತ್ತು ನೆನಪಿದೆ ತಾನೆ? ಆ ಡಬ್ಬದೊಳಗಿದ್ದದ್ದು ಜಿಯೋಲೈಟ್ ಅನ್ನೋ ತೂತಿನ ಕಾಳು. ಗಾಳಿ ಒತ್ತಿದ್ರೆ ನೈಟ್ರೋಜನ್ ಕಾಳಿಗೆ ಅಂಟುತ್ತೆ, ಆಕ್ಸಿಜನ್ ಮುಂದೆ ಹೋಗುತ್ತೆ. ಒತ್ತಡ ಇಳಿಸಿದ್ರೆ ನೈಟ್ರೋಜನ್ ಬಿಟ್ಕೊಂಡು ಕಾಳು ಮತ್ತೆ ರೆಡಿ. ಮಾಫ್‌ದೂ ಇದೇ ಕೆಲಸ, ತೂತನ್ನ ಬೇಕಾದ ಹಾಗೆ ಹೊಲಿಸಿಕೊಳ್ಳಬಹುದು ಅನ್ನೋದೇ ವ್ಯತ್ಯಾಸ.

ಅದು ಯಾಕೆ ಬೇಕು? ಪ್ಲಾಸ್ಟಿಕ್‌ಗೆ ಬೇಕಾದ ಪ್ರೊಪಿಲೀನ್ ಕುದಿಯೋದು ಮೈನಸ್ 48 ಡಿಗ್ರಿಗೆ, ಜೊತೆಗಿರೋ ಪ್ರೊಪೇನ್ ಮೈನಸ್ 42ಕ್ಕೆ. ಅಷ್ಟೇ ಅಂತರ. ಅವೆರಡನ್ನ ಬಿಡಿಸೋಕೆ ಗೋಪುರದಂಥ ಕಾಲಂ ಕಟ್ಟಿ ಹಗಲು ರಾತ್ರಿ ಕುದಿಸಿ ತಣ್ಣಗಾಗಿಸ್ತಾರೆ. ಸರಿಯಾದ ಜರಡಿ ಸಿಕ್ಕಿದ್ರೆ ಆ ಕುದಿಸೋ ಖರ್ಚಲ್ಲಿ ಎಷ್ಟೋ ಉಳಿಯುತ್ತೆ.

ಕೆಟಲಿಸ್ಟ್ ಆಗಿಯೂ ಬಳಸಬಹುದು. ಗಂಟಲ್ಲಿರೋ ಲೋಹದ ಮೇಲೆ ರಿಯಾಕ್ಷನ್ ನಡೆಯುತ್ತೆ, ತೂತಿಗೆ ಹಿಡಿಸೋ ಅಣುವಿಗೆ ಮಾತ್ರ ಎಂಟ್ರಿ. ಜಿರ್ಕೋನಿಯಂ ಮಾಫ್‌ಗಳು ಯುದ್ಧದ ವಿಷಾನಿಲದ ಅಣುಗಳನ್ನ ಒಡೆದು ಹಾಕ್ತವೆ ಅಂತ ಲ್ಯಾಬ್‌ಗಳಲ್ಲಿ ತೋರಿಸಿದ್ದಾರೆ. ಸದ್ಯಕ್ಕೆ ಇಷ್ಟು ಸಾಕು, ನನ್ನ ಜಗಳ ಬೇರೆ ಕಡೆ ಇದೆ.

ಭಾಗ 3

ನಾವೆಲ್ಲ ಚಪ್ಪಾಳೆ ಹೊಡೆಯೋದು ಎಷ್ಟು ಹಿಡಿಯುತ್ತೆ ಅನ್ನೋದಕ್ಕೆ. ಕೇಳಬೇಕಾದ್ದು ಎಷ್ಟು ಸುಲಭಕ್ಕೆ ಬಿಡುತ್ತೆ ಅನ್ನೋದನ್ನ.

ಯೋಚನೆ ಮಾಡಿ. ಕಾರ್ಬನ್ ಡೈಆಕ್ಸೈಡನ್ನ ಗಟ್ಟಿಯಾಗಿ ಹಿಡ್ಕೊಳ್ಳೋ ವಸ್ತು ಒಂದು ಸಲ ತುಂಬಿದ ಮೇಲೆ ಖಾಲಿ ಆಗ್ಬೇಕು. ಇಲ್ಲಾಂದ್ರೆ ಅದು ಒಂದೇ ಸಲದ ಮಾಲು. ಖಾಲಿ ಮಾಡೋಕೆ ಶಾಖ ಬೇಕು, ಹಿಡಿತ ಗಟ್ಟಿಯಾದಷ್ಟೂ ಶಾಖ ಜಾಸ್ತಿ. ಈಗ ಕಾರ್ಖಾನೆಗಳಲ್ಲಿ ಬಳಸೋ ಅಮೀನ್ ದ್ರಾವಣವನ್ನ ಸುಮಾರು 120 ಡಿಗ್ರಿಗೆ ಕಾಯಿಸ್ಬೇಕು, ಅದರಲ್ಲಿರೋ ನೀರನ್ನೂ ಸುಮ್ಮನೆ ಕಾಯಿಸ್ಬೇಕು. ಹಿಡಿತ ಸಡಿಲ ಆದ್ರೆ ಗ್ಯಾಸ್ ನಿಲ್ಲಲ್ಲ. ಹಾಗಾಗಿ ಡಿಸೈನ್ ಅಂದ್ರೆ ಹದ. ಎಷ್ಟು ಬೇಕೋ ಅಷ್ಟೇ ಹಿಡಿತ, ಅದೂ ಲಕ್ಷಗಟ್ಟಲೆ ಸಲ. ಸಾಲದ್ದಕ್ಕೆ ಚಿಮಣಿ ಹೊಗೆಯಲ್ಲಿ ನೀರಿನ ಆವಿ ಇರುತ್ತೆ. ಮಾಫ್-5 ತೇವಕ್ಕೇ ಹಾಳಾಗುತ್ತೆ. ದಾಖಲೆ ಬರೆದು ಮಳೆಗಾಲಕ್ಕೆ ಕೈ ಕೊಡೋ ವಸ್ತು ಇಟ್ಕೊಂಡು ಏನ್ ಮಾಡೋದು?

ನನಗೆ ಕಾಲ್ಫ್-20 ಇಷ್ಟ ಆಗೋದು ಇದಕ್ಕೇ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಶಿಮಿಜು ತಂಡ ಮಾಡಿದ್ದು. ಸತು, ಆಕ್ಸಾಲಿಕ್ ಆಮ್ಲ, ಟ್ರಯಾಜೋಲ್, ಎಲ್ಲ ಕಡಿಮೆ ರೇಟಿನ ಸಾಮಾನು. ತೂತಿನ ಲೆಕ್ಕದಲ್ಲಿ ಇದು ಚಾಂಪಿಯನ್ ಅಲ್ಲವೇ ಅಲ್ಲ. ಆದ್ರೆ ಹಬೆ ಹಾಯಿಸಿದ್ರೂ ಕೆಡಲ್ಲ, ತೇವ ಇದ್ರೂ ಒಂದು ಮಟ್ಟದವರೆಗೆ ನೀರಿಗಿಂತ ಮೊದಲು ಕಾರ್ಬನ್ ಡೈಆಕ್ಸೈಡನ್ನೇ ಆರಿಸ್ಕೊಳ್ಳುತ್ತೆ. ಕೆನಡಾದ ಒಂದು ಸಿಮೆಂಟ್ ಫ್ಯಾಕ್ಟರಿಯ ನಿಜವಾದ ಹೊಗೆಯಲ್ಲೇ ಪರೀಕ್ಷೆ ಆಗಿದೆ. ಬಿಎಎಸ್‌ಎಫ್ ಕಂಪನಿ ಇದನ್ನ ಟನ್‌ಗಟ್ಟಲೆ ತಯಾರಿಸ್ತಿದೆ.

ಭಾಗ 4

ಸಿಮೆಂಟ್ ಅಂದ್ರೆ ಸೇಡಂ, ವಾಡಿ, ಮಳಖೇಡದ ಚಿಮಣಿಗಳು. ನಿಮ್ಮ ಅಜ್ಜಿ ಮನೆ ನೆಲಕ್ಕೆ ಹಾಸಿರೋ ಶಹಾಬಾದ್ ಕಲ್ಲು ಸುಣ್ಣದಕಲ್ಲೇ, ಆ ಸೀಮೆಯದೇ. 100 ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ. ಕಲ್ಲಿದ್ದಲು ಬಿಟ್ಟು ಸೋಲಾರ್ ಹಾಕಿದ್ರೂ ಇದು ತಪ್ಪಲ್ಲ, ಕಲ್ಲಿನೊಳಗೇ ಇದೆ. ಹಾಗಾಗಿ ಚಿಮಣಿಯಲ್ಲಿ ಹಿಡಿಯೋ ಮಾತು ಸಿಮೆಂಟ್‌ಗೆ ಶೋಕಿ ಅಲ್ಲ.

ಈಗ ಕ್ಯಾಲ್ಕುಲೇಟರ್ ತಗೊಳ್ಳಿ. 50 ಕೆಜಿ ಚೀಲಕ್ಕೆ ಅಂದಾಜು 30 ಕೆಜಿ ಗ್ಯಾಸ್. ಒಂದು ಟನ್ ಹಿಡಿಯೋಕೆ 4,000 ರೂಪಾಯಿ ಅಂತಿಟ್ಕೊಳ್ಳಿ (ಇದು ಲೆಕ್ಕಕ್ಕೆ ನಾನು ಹಾಕ್ಕೊಂಡ ಅಂಕಿ). ಚೀಲಕ್ಕೆ 120 ರೂಪಾಯಿ ಏರಿತು. ಸಾವಿರ ಚದರಡಿ ಮನೆಗೆ ಸುಮಾರು 400 ಚೀಲ ಅಂದ್ರೆ 48,000. ಖರ್ಚು 2,000ಕ್ಕೆ ಇಳಿದ್ರೆ 24,000. ನಿವೃತ್ತಿ ದುಡ್ಡಲ್ಲಿ ಮನೆ ಕಟ್ಟೋರಿಗೆ ಆ ವ್ಯತ್ಯಾಸ ಅಂದ್ರೆ ಕಿಟಕಿ ಬಾಗಿಲಿನ ದುಡ್ಡು. ಅದನ್ನ ಬಹುಪಾಲು ತೀರ್ಮಾನ ಮಾಡೋದು ಆ ಹಿಡಿತದ ಹದ ಮತ್ತು ಪುಡಿಯ ಬಾಳಿಕೆ. ಮೈದಾನದ ಸೈಜಲ್ಲ.

ಭಾಗ 5

ರಾಬ್ಸನ್ ಸಿಮೆಂಟ್ ಬಗ್ಗೆ ಯೋಚಿಸಿ ಶುರು ಮಾಡಿದ್ದಲ್ಲ, ಕುತೂಹಲಕ್ಕೆ ಮಾಡಿದ್ದು ಅಂತ ಸೈನ್ಸ್ ಗೆಳೆಯರು ಹೇಳ್ತಾರೆ. ಒಪ್ತೀನಿ, ಕುತೂಹಲಕ್ಕೆ ದುಡ್ಡು ನಿಲ್ಲಿಸಿ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಈಗಾಗ್ಲೇ ಹತ್ತಾರು ಸಾವಿರ ಮಾಫ್ ಇವೆ, ಮಾರ್ಕೆಟ್‌ಗೆ ಬಂದಿದ್ದು ಬೆರಳೆಣಿಕೆ. ಮೊದಮೊದಲು ಬಂದವುಗಳಲ್ಲಿ ಒಂದು, ಚಿಪ್ ಫ್ಯಾಕ್ಟರಿಗೆ ಬೇಕಾದ ವಿಷಾನಿಲವನ್ನ ಸಿಲಿಂಡರ್‌ನಲ್ಲಿ ಸೇಫಾಗಿ ಇಡೋಕೆ. ಸ್ವಲ್ಪವೇ ಪುಡಿ ಸಾಕು, ದುಡ್ಡು ಕೊಡೋ ಗಿರಾಕಿ ಇದ್ದಾನೆ. ಸೇಡಂ ಚಿಮಣಿಗೆ ಅಂಥ ಗಿರಾಕಿ ಇಲ್ಲ. ಅಲ್ಲಿಗೇ ಸರ್ಕಾರದ ದುಡ್ಡು ಹೋಗ್ಬೇಕು ಅಂತ ನನ್ನ ವಾದ. ಗೊತ್ತಿರೋ ಅಗ್ಗದ ವಸ್ತು ತಗೊಳ್ಳಿ, ಟನ್ ಲೆಕ್ಕದಲ್ಲಿ ಮಾಡಿ, ನಮ್ಮ ಧೂಳು, ನಮ್ಮ ತೇವ, ನಮ್ಮ ಹೊಗೆಯಲ್ಲಿ ವರ್ಷಗಟ್ಟಲೆ ಓಡಿಸಿ, ಲೆಕ್ಕ ಬಹಿರಂಗ ಮಾಡಿ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮಾಫ್ ಮೇಲೆ ವರ್ಷಗಳಿಂದ ಕೆಲಸ ನಡೀತಿದೆ. ಅಲ್ಲಿಂದ ಕಲಬುರಗಿಗೆ ಒಂದು ರಾತ್ರಿ ರೈಲು ಅಷ್ಟೇ.

2023ರಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಘೋಷಿಸಿದೆ, ಸಿಮೆಂಟೂ ಅದರೊಳಗಿದೆ. ಆ ಪುಸ್ತಕ ಬರೆಯೋರು, ಆಡಿಟ್ ಮಾಡೋರು ನಮ್ಮ ಕ್ಲಾಸಿನವರೇ. ಹಿಡಿದ ಗ್ಯಾಸನ್ನ ಎಲ್ಲಿ ಇಡೋದು ಅನ್ನೋದು ಬೇರೆಯೇ ಲೆಡ್ಜರ್, ಅದನ್ನ ಮುಂದಿನ ಸೀರೀಸ್‌ನಲ್ಲಿ ತೆಗೀತೀನಿ. ಅಲ್ಲಿವರೆಗೆ ನನ್ನ ಲೆಕ್ಕದಲ್ಲಿ ತಪ್ಪು ಕಂಡ್ರೆ ಕಾಮೆಂಟಲ್ಲಿ ಜಗಳ ಆಡಿ.

#ಬಿಕಾಂ_ಕಣ್ಣಲ್ಲಿ_ವಿಜ್ಞಾನ #ಮಾಫ್ #ಸೇಡಂ